ಅಪ್ಪನ ಸೈಕಲ್ಲಿಗೆ ಕಣ್ಣೀರು ಬೇಡ, ಗ್ರೀಸು ಹಾಕಿ

ಹಳೆಯ ಸೈಕಲ್ಲಿನ ಬಗ್ಗೆ ಬರೆಯುವವರಿಗೆ ಕನ್ನಡದಲ್ಲಿ ಒಂದು ಸಿದ್ಧ ಅಚ್ಚು ಇದೆ. ಅಪ್ಪನ ಸೈಕಲ್ಲು ಹಿತ್ತಿಲ ಗೋಡೆಗೆ ಒರಗಿರುತ್ತದೆ. ಟಯರಿನ ಗಾಳಿ ಹೋಗಿರುತ್ತದೆ, ಸೀಟಿನ ಮೇಲೆ ಕೋಳಿ ಕೂತಿರುತ್ತದೆ, ಹ್ಯಾಂಡಲ್ಲಿಗೆ ಹೀರೆಬಳ್ಳಿ ಹಬ್ಬಿರುತ್ತದೆ. ಕಾರಿನಲ್ಲಿ ಬಂದಿಳಿದ ಮಗ ಬೆಲ್ಲು ಒತ್ತುತ್ತಾನೆ, ಅದು ಸದ್ದು ಮಾಡುವುದಿಲ್ಲ, ಅವನ ಕಣ್ಣು ಒದ್ದೆಯಾಗುತ್ತದೆ. ಪ್ರಬಂಧ ಅಲ್ಲಿಗೆ ಮುಗಿಯುತ್ತದೆ. ಸೈಕಲ್ಲು ಮಾತ್ರ ಅಲ್ಲೇ ಇರುತ್ತದೆ, ಮುಂದಿನ ಮಳೆಗಾಲ ಕಳೆದ ಮೇಲೆ ಗುಜರಿಯವನ ಗಾಡಿ ಹತ್ತುತ್ತದೆ.

ನನ್ನ ತಕರಾರು ಆ ಕಣ್ಣೀರಿನ ಮೇಲೆ. ಆ ಸೈಕಲ್ಲಿಗೆ ಬೇಕಿದ್ದದ್ದು ಹಿಂದಿನ ಹಬ್ಬಿಗೆ ಹದಿನೆಂಟು ಗುಂಡು, ಒಂದು ಚೈನು, ಎರಡು ಟಯರು, ಒಂದು ಡಬ್ಬಿ ಗ್ರೀಸು. ಬರೆಯುವವರು ಕೊಟ್ಟಿದ್ದು ಉಪಮೆ.

ಹಳೆಯ ಮೌಂಟನ್ ಬೈಕ್ ಎಂದರೆ ನಮ್ಮ ಕರಾವಳಿಯಲ್ಲಿ ಬಹುಪಾಲು ತೊಂಬತ್ತರ ದಶಕದ ಹೀರೋ ರೇಂಜರ್, ಇಲ್ಲವೇ ಅದರ ದಾಯಾದಿಗಳು. ದಪ್ಪ ಟಯರು, ನೇರ ಹ್ಯಾಂಡಲ್ಲು, 26 ಇಂಚಿನ ಗಾಲಿ, ಅಪ್ಪಟ ಉಕ್ಕಿನ ಫ್ರೇಮು. ಎಸ್ಸೆಸ್ಸೆಲ್ಸಿ ಪಾಸಾದರೆ ಕೊಡಿಸುತ್ತೇನೆ ಎಂದು ಎಷ್ಟೋ ಅಪ್ಪಂದಿರು ಮಾತು ಕೊಟ್ಟಿದ್ದ ಸೈಕಲ್ಲು ಅದು. ಅಂಥದ್ದೊಂದನ್ನು ಅಂಕೋಲೆಯ ಸಂಬಂಧಿಕರ ಕೊಟ್ಟಿಗೆಯಿಂದ ತಂದು ಕಟ್ಟಿಸಿ ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ತೂಗಿದರೆ 17 ಕಿಲೋ ಚಿಲ್ಲರೆ ಬರುತ್ತದೆ. ಗುಜರಿಯವನು ಐನೂರು ರೂಪಾಯಿ ಹೇಳಿದ್ದ. ಓಡುವಂತೆ ಮಾಡಲು ನನಗೆ ತಗುಲಿದ್ದು ನಾಲ್ಕು ಸಾವಿರದ ಇನ್ನೂರು. ಈ ಲೆಕ್ಕ ಕೇಳಿದವರೆಲ್ಲ ಹೇಳುವುದು ಒಂದೇ ಮಾತು: ‘ಇನ್ನೊಂದಿಷ್ಟು ಹಾಕಿದ್ರೆ ಹೊಸದೇ ಬರ್ತಿತ್ತಲ್ಲ ಮಾರಾಯ್ರೆ.’

ಬರುತ್ತಿತ್ತು. ಆದರೆ ಹೊಸದರ ಫ್ರೇಮು ಅಲ್ಯೂಮಿನಿಯಂ ಆಗಿದ್ದು ನಾಳೆ ಬಿರುಕು ಬಿಟ್ಟರೆ ಅಂಕೋಲೆಯಲ್ಲಿ ಯಾರ ಹತ್ತಿರ ಹೋಗಲಿ? ಉಕ್ಕು ಬಿರುಕು ಬಿಟ್ಟರೆ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗಿನವನೂ ಬೆಸೆದುಕೊಡುತ್ತಾನೆ. ಇದು ಬರೀ ಅನುಕೂಲದ ಮಾತಲ್ಲ, ಲೋಹದ ಗುಣವೇ ಹಾಗೆ. ಒಂದು ಮಿತಿಯ ಒಳಗಿನ ಒತ್ತಡವನ್ನು ಉಕ್ಕು ಎಷ್ಟು ಲಕ್ಷ ಸಲ ಬೇಕಾದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಸಣ್ಣ ಕುಲುಕಾಟವೂ ಅದರ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ಅದನ್ನು ಬೆಸೆಯಲು ಬೇರೆ ಯಂತ್ರ, ಬೇರೆ ಕೈ ಬೇಕು. ಮಿಶ್ರಲೋಹದ ಜಾತಿ ನೋಡಿ ಮತ್ತೆ ಹದವಾಗಿ ಕಾಯಿಸಬೇಕಾದದ್ದೂ ಉಂಟು.

ಉಕ್ಕಿನ ಶತ್ರು ತುಕ್ಕು, ಒಪ್ಪುತ್ತೇನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಉಳಿದ ದಿನ ಉಪ್ಪುಗಾಳಿ ಬೀಸುವ ಊರು ಇದು. ಅಂಕೋಲೆಯಲ್ಲಿ ಬ್ರಿಟಿಷರ ವಿರುದ್ಧ ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರಲ್ಲಿ, ಕಬ್ಬಿಣದ ವಿರುದ್ಧ ಉಪ್ಪಿನ ಸತ್ಯಾಗ್ರಹ ಇವತ್ತಿಗೂ ನಿಂತಿಲ್ಲ. ತುಕ್ಕು ಹೊರಗಿನ ಬಣ್ಣಕ್ಕಿಂತ ಒಳಗೇ ಹೆಚ್ಚು ತಿನ್ನುತ್ತದೆ. ಸೀಟಿನ ಕೊಳವೆಯಿಂದ ಇಳಿದ ನೀರು ಪೆಡಲಿನ ಅಚ್ಚು ಕೂರುವ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಅಲ್ಲೇ ನೋಡಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದಾಗ ಟಣ್ ಎಂದರೆ ಸರಿ, ಮಂದವಾಗಿ ಕೇಳಿದರೆ ಅನುಮಾನಿಸಿ, ಮೊನೆ ಒತ್ತಿದಾಗ ಒಳಗೆ ಹೋದರೆ ಗುಜರಿಗೆ ಬಿಡಿ. ಎಲ್ಲವನ್ನೂ ಉಳಿಸಬೇಕು ಎನ್ನುವ ಭಕ್ತ ನಾನಲ್ಲ. ನನ್ನದು ಟಣ್ ಎಂದಿತು. ಆ ತಗ್ಗಿಗೆ ಕೆಳಗಿನಿಂದ ಸಣ್ಣ ತೂತು ಕೊರೆಸಿದೆ, ಹೊಕ್ಕ ನೀರು ಹೊರಗೆ ಹೋಗಲಿ ಎಂದು. ಕೊಳವೆಗಳ ಒಳಗೆ ಮೀನೆಣ್ಣೆ ಹೊಯ್ದು ತಿರುಗಿಸಿ ಬಸಿದೆ. ಮರದ ದೋಣಿಗೆ ಮೀನೆಣ್ಣೆ ಬಳಿಯುವ ಊರಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವಾಸನೆ ಹೋಗಲು ಒಂದು ತಿಂಗಳು ಹಿಡಿಯಿತು. ಮನೆಯ ಬೆಕ್ಕಿಗೆ ಸೈಕಲ್ಲಿನ ಮೇಲೆ ಬಂದ ಪ್ರೀತಿ ಇನ್ನೂ ಹೋಗಿಲ್ಲ.

ಇನ್ನೊಂದು ಪಂಗಡದವರಿದ್ದಾರೆ, ‘ವಿಂಟೇಜ್’ ಎನ್ನುವವರು. ಗೋಕರ್ಣದ ಕಡೆಯಿಂದ ಗೋವಾ ಗಡಿಯವರೆಗೆ ಹೋಂಸ್ಟೇಗಳ ಗೇಟಿನಲ್ಲಿ ಹಳದಿ, ನೀಲಿ ಬಣ್ಣ ಹೊಡೆಸಿಕೊಂಡು, ಕ್ಯಾರಿಯರಿನ ಮೇಲೆ ಹೂಕುಂಡ ಹೊತ್ತು ನಿಂತ ಸೈಕಲ್ಲುಗಳನ್ನು ನೀವೂ ನೋಡಿರುತ್ತೀರಿ. ಈ ಪಂಗಡದಲ್ಲೇ ಕೊಂಚ ಮಡಿವಂತರಿಗೆ ಎಲ್ಲವೂ ‘ಒರಿಜಿನಲ್’ ಆಗಿರಬೇಕು: ಅದೇ ಸ್ಟಿಕ್ಕರು, ಅದೇ ಕ್ರೋಮ್ ರಿಮ್ಮು. ನಾನು ಕ್ರೋಮ್ ರಿಮ್ಮು ತೆಗೆಸಿ ಅಲಾಯ್ ರಿಮ್ಮು ಹಾಕಿಸಿದ್ದಕ್ಕೆ ಒಬ್ಬರು, ‘ಛೇ, ಕೊಂದುಬಿಟ್ರಲ್ಲ’ ಎಂದರು. ನೋಡಿ, ಒದ್ದೆಯಾದ ಕ್ರೋಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಬಿಣಗಾ ಘಟ್ಟ ಇಳಿಯುವವನಿಗೆ ಒರಿಜಿನಲ್ ಎಂದರೆ ಒರಿಜಿನಲ್ ಸಾವು. ಫ್ರೀವೀಲನ್ನೂ ಬದಲಿಸಿದೆ. ಮುಂದೆ 44 ಹಲ್ಲು, ಹಿಂದೆ 18 ಇತ್ತು. ಹಿಂದಿನದನ್ನು 22 ಮಾಡಿದ ಮೇಲೆ ಅದೇ ಘಟ್ಟವನ್ನು ಇಳಿಯದೆ ಹತ್ತುತ್ತೇನೆ.

ಈ ಮಡಿವಂತರಿಗೆ ಮೌಂಟನ್ ಬೈಕಿನ ಹುಟ್ಟೇ ಗೊತ್ತಿಲ್ಲ ಅನ್ನಿಸುತ್ತದೆ. ಅದು ಯಾವ ಕಂಪನಿಯ ನಕ್ಷೆಯಲ್ಲೂ ಹುಟ್ಟಿದ್ದಲ್ಲ. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1930ರ ಕಾಲದ, ದಪ್ಪ ಟಯರಿನ ಶ್ವಿನ್ ಸೈಕಲ್ಲುಗಳನ್ನು ಗುಜರಿ ಬೆಲೆಗೆ ತಂದು, ಮಡ್‌ಗಾರ್ಡು ಕಿತ್ತೆಸೆದು, ಮೋಟಾರ್‌ಸೈಕಲ್ಲಿನ ಬ್ರೇಕ್ ಲಿವರು, ಎಲ್ಲೆಲ್ಲಿಯದೋ ಗೇರು ಜೋಡಿಸಿ ಗುಡ್ಡದಿಂದ ಇಳಿಸುತ್ತಿದ್ದರು. ಇಳಿಜಾರಿನಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. 1976ರಲ್ಲಿ ಅಲ್ಲಿ ಶುರುವಾದ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಅದರಿಂದಲೇ. ಜೋ ಬ್ರೀಜ್ ಗುಡ್ಡಕ್ಕೆಂದೇ ಹೊಸ ಫ್ರೇಮು ಕಟ್ಟಿದ್ದು 1977ರಲ್ಲಿ, ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ಉಕ್ಕಿನಲ್ಲಿ. ಕಂಪನಿಗಳು ದೊಡ್ಡ ಸಂಖ್ಯೆಯಲ್ಲಿ ಮಾಡತೊಡಗಿದ್ದು ಆಮೇಲೆ. ಅಂದರೆ ಗುಜರಿಯಿಂದ ಎತ್ತಿ, ಸಿಕ್ಕಿದ್ದನ್ನು ಜೋಡಿಸಿ ಓಡಿಸುವುದೇ ಇದರ ಕುಲಾಚಾರ. ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವವರೇ ಕುಲಗೆಟ್ಟವರು.

ನನ್ನ ಸೈಕಲ್ಲು ಕಟ್ಟಿದವರು ಅರವತ್ತು ದಾಟಿದವರು. ಅಂಗಡಿ ಎಂದರೆ ಒಂದು ತಗಡಿನ ಮಾಡು. ನಮ್ಮ ಕಡೆ ಓವರ್‌ಹಾಲ್ ಎಂಬುದು ಎಂದೋ ‘ಓವರಾಯ್ಲಿಂಗ್’ ಆಗಿದೆ. ಎಣ್ಣೆಯ ಕೆಲಸವೇ ಆದ್ದರಿಂದ ಹೆಸರು ಸರಿಯಾಗಿಯೇ ಇದೆ, ತಿದ್ದುವುದು ಬೇಡ. ಅವರು ಹಬ್ಬಿಗೆ 36 ಕಡ್ಡಿ ಪೋಣಿಸಿ, ಫೋರ್ಕಿಗೆ ಸಿಕ್ಕಿಸಿ, ಬ್ರೇಕ್ ರಬ್ಬರನ್ನೇ ಗುರುತಾಗಿಟ್ಟು, ಒಂದು ಕಡ್ಡಿ ಬಿಗಿ, ಎದುರಿನದು ಸಡಿಲ ಮಾಡುತ್ತ ಅರ್ಧ ಗಂಟೆಯಲ್ಲಿ ಬೆಂಡು ತೆಗೆದರು. ಮಧ್ಯೆ ಮಧ್ಯೆ ಕಡ್ಡಿಯನ್ನು ಬೆರಳಿನಿಂದ ಮೀಟಿ ಸ್ವರ ಕೇಳುತ್ತಿದ್ದರು. ‘ಕಲಿಯೂಕೆ ಯಾರಾದ್ರೂ ಬರ್ತಾರ್ಯೇ?’ ಎಂದು ಕೇಳಿದೆ. ‘ಪಂಕ್ಚರಿಗೇ ಜನ ಇಲ್ಲ, ಕಲಿಯೂಕೆ ಎಲ್ಲಿಂದ ಬರ್ತಾರೆ?’ ಎಂದರು. ಸೈಕಲ್ಲಿನ ನೆನಪು ಬರೆಯುವ ನಾವೆಲ್ಲ ವರ್ಷಕ್ಕೊಂದು ಓವರಾಯ್ಲಿಂಗ್ ಮಾಡಿಸಿದ್ದರೂ ಆ ತಗಡಿನ ಕೆಳಗೆ ಒಬ್ಬ ಹುಡುಗ ಇರುತ್ತಿದ್ದ.

ಆದರೆ ದೊಡ್ಡ ತಪ್ಪು ಬರಹಗಾರರದ್ದಲ್ಲ, ರಸ್ತೆಯದ್ದು. ಕಾರವಾರದಿಂದ ಅಂಕೋಲೆಗೆ ಮೂವತ್ತೈದು ಕಿಲೋಮೀಟರ್ ಹತ್ತಿರ. ಅರ್ಗಾ, ಅಮದಳ್ಳಿ, ಹಾರವಾಡ, ಅವರ್ಸಾ, ಹಟ್ಟಿಕೇರಿ, ಒಂದರ ಬೆನ್ನಿಗೆ ಒಂದು ಊರು. ಸೈಕಲ್ಲಿಗೆ ಹೇಳಿಮಾಡಿಸಿದ ದೂರಗಳು. ಅದರ ನಡುವೆ ಚತುಷ್ಪಥ ಹೆದ್ದಾರಿ ಹಾಕಿದವರಿಗೆ ಈ ಊರುಗಳು ಅಡ್ಡಿಯಾಗಿ ಕಂಡವೇ ಹೊರತು ಊರಾಗಿ ಕಾಣಲಿಲ್ಲ. ಎದುರುಗಡೆಯ ಗದ್ದೆಗೆ ಹೋಗಬೇಕಾದವನು ದೂರದ ತಿರುವಿನವರೆಗೆ ತುಳಿದು ಮತ್ತೆ ವಾಪಸು ತುಳಿಯಬೇಕು. ಸರ್ವಿಸ್ ರಸ್ತೆ ಇದ್ದಕ್ಕಿದ್ದಂತೆ ಚರಂಡಿಯಲ್ಲಿ ಮುಗಿಯುತ್ತದೆ. ಹಾಗಾಗಿ ಮೀನಿನ ಬುಟ್ಟಿ ಕಟ್ಟಿಕೊಂಡವರೂ ಯೂನಿಫಾರ್ಮಿನ ಮಕ್ಕಳೂ ಲಾರಿಗೆ ಎದುರಾಗಿ ಉಲ್ಟಾ ಬರುತ್ತಾರೆ, ಬೈಸಿಕೊಳ್ಳುವವರೂ ಅವರೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮೂರು ವಾರದ ಮೇಲೆ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೆಯ ಸೇತುವೆ ಬಿದ್ದು ಎರಡೂ ದಿಕ್ಕಿನ ವಾಹನಗಳು ಒಂದೇ ಸೇತುವೆಗೆ ಬಂದವು. ಎರಡು ಸಲವೂ ನಾನು ಕೇಳಿದ ಮಾತೆಲ್ಲ ಹೆದ್ದಾರಿ ಯಾವಾಗ ತೆರೆಯುತ್ತದೆ, ಲಾರಿ ಯಾವಾಗ ಬಿಡುತ್ತಾರೆ ಎಂಬುದೇ. ಸದಾಶಿವಗಡದಿಂದ ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವನಿಗೆ ಎಷ್ಟು ಅಡಿ ಜಾಗ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಸರ್ಕಾರದ ಸೈಕಲ್ಲಿನ ಕತೆಯೂ ಹೀಗೇ. ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ ಕರ್ನಾಟಕದಲ್ಲಿ 2006-07ರಲ್ಲಿ ಶುರುವಾಯಿತು. ಕೋವಿಡ್ ಬಂದ ಮೇಲೆ ನಿಂತುಹೋಯಿತು. ಅಷ್ಟು ವರ್ಷ ಸೈಕಲ್ಲು ಕೊಟ್ಟವರು ಶಾಲೆಗೊಂದು ಸ್ಪ್ಯಾನರ್ ಸೆಟ್ಟು ಕೊಡುವುದನ್ನು, ತಿಂಗಳಿಗೊಮ್ಮೆ ಊರಿನ ರಿಪೇರಿಯವರನ್ನು ಕರೆಸಿ ಬೆಂಡು ತೆಗೆಯುವುದನ್ನು ಕಲಿಸುವುದನ್ನು ಯೋಜನೆಯ ಪಾಲಾಗಿ ಮಾಡಲಿಲ್ಲ. ಆ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ಅಟ್ಟದ ಕೆಳಗೆ, ಕೊಟ್ಟಿಗೆಯ ಮೂಲೆಯಲ್ಲಿ ಇವೆ. ಅವೂ ಉಕ್ಕೇ. ಈ ಲೇಖನ ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಅದರಲ್ಲೇ ಹೈಸ್ಕೂಲಿಗೆ ಹೋದವರಿರಬಹುದು. ಈ ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಅಂಗಳಕ್ಕೆ ತನ್ನಿ. ಪೆಡಲಿನ ಅಚ್ಚಿನ ಹತ್ತಿರ ಬಡಿದು ನೋಡಿ. ಟಣ್ ಎಂದರೆ ಕಾಟರ್ ಪಿನ್ನಿಗೆ ಇವತ್ತು ರಾತ್ರಿಯೇ ಸೀಮೆಎಣ್ಣೆ ಬಿಟ್ಟಿಡಿ, ಬೆಳಿಗ್ಗೆ ಬಿಚ್ಚಲು ಬರುತ್ತದೆ.