ಒಂದೂಕಾಲು ಕಿಲೋಮೀಟರಿಗೂ ಬೈಕ್ ಬೇಕಾ?

ನಮ್ಮಲ್ಲಿ ಹಲವರ ಪಿಜಿಯಿಂದ ಕಾಲೇಜ್ ಗೇಟಿಗೆ ಹೆಚ್ಚಂದ್ರೆ ಒಂದೂಕಾಲು ಕಿಲೋಮೀಟರ್. ಅಷ್ಟಕ್ಕೂ ನಾವು ಬೈಕ್ ತೆಗೀತೀವಿ. ಸಂಜೆ ದುಡ್ಡು ಕೊಟ್ಟು ಜಿಮ್‌ಗೆ ಹೋಗಿ ಟ್ರೆಡ್‌ಮಿಲ್ ಮೇಲೆ ನಡೀತೀವಿ!

ಸ್ವಲ್ಪ ಲೆಕ್ಕ ಹಾಕೋಣ. ಚುರುಕಾಗಿ ನಡೆದರೆ ಹೋಗೋಕೆ 15 ನಿಮಿಷ, ಬರೋಕೆ 15. ಐದು ದಿನಕ್ಕೆ 150 ನಿಮಿಷ. ವಯಸ್ಕರಿಗೆ ವಾರಕ್ಕೆ ಕನಿಷ್ಠ ಇಷ್ಟು ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತೆ.

ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುವವರಲ್ಲಿ ಹೃದ್ರೋಗ, ಕ್ಯಾನ್ಸರ್ ಎರಡೂ ಕಡಿಮೆ ಕಂಡುಬಂದವು. ನಡೆದು ಹೋಗುವವರಲ್ಲಿ ಹೃದ್ರೋಗ ಕಡಿಮೆ. ಸೈಕಲ್ಲೇ ಕಾರಣ ಅಂತ ಇದೊಂದರಿಂದಲೇ ಸಾಬೀತಾಗಲ್ಲ, ಒಪ್ಪೋಣ. ಆದರೆ ನಡೆದು ನಷ್ಟವಂತೂ ಇಲ್ಲ.

ಹಾಗಂತ ನಮ್ಮ ಸೋಮಾರಿತನ ಒಂದನ್ನೇ ಬೈದರೆ ಸಾಲದು. ಕ್ಯಾಂಪಸ್‌ನಲ್ಲಿ ಬೈಕುಗಳಿಗೆ ಶೆಡ್ ಇದೆ, ಸೈಕಲ್ಲುಗಳು ಮಾತ್ರ ಮಳೆಯಲ್ಲಿ ನೆನೀತವೆ. ಗೇಟಿನ ಮುಂದಿನ ಫುಟ್‌ಪಾತ್ ಮೇಲೆ ಬೈಕುಗಳ ಸಾಲು, ಅವೂ ನಮ್ಮವೇ! ಸೈಕಲ್ ಸ್ಟ್ಯಾಂಡಿಗೊಂದು ಸೂರು ಬೇಕು ಅಂತ ಎಲ್ಲರೂ ಸೇರಿ ಕೇಳೋಣ. ಫುಟ್‌ಪಾತ್ ಬಿಡಿಸೋಕೆ ಯಾರನ್ನೂ ಕೇಳಬೇಕಿಲ್ಲ, ನಮ್ಮ ಬೈಕ್ ತೆಗೆದರೆ ಸಾಕು.

ನಡೆದರೆ ಮೊದಲ ಕ್ಲಾಸಿಗೆ ಲೇಟಾಗುತ್ತೆ ಅಂತೀರಾ? ಬೈಕಲ್ಲಿ ಬಂದಾಗಲೂ ಲೇಟೇ ತಾನೆ!