ಕೊಕ್ಕೆಗೊಂದು ಪುಕ್ಕದ ಹುಳು

ಹಿಂದಿನ ಸಂಚಿಕೆಯಲ್ಲಿ ಹಿಮಾಚಲದ ತೀರ್ಥನ್ ಕಣಿವೆಯ ಪ್ರವಾಸದ ಬಗ್ಗೆ ಬರೆದಾಗ, ನನ್ನ ಅಳಿಯ ಟ್ರೌಟ್ ಮೀನಿಗೆ ಹಾಕಿದ 'ಫ್ಲೈ' ಎಂದರೇನು ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಅದು ಎರೆಹುಳುವೂ ಅಲ್ಲ, ನೊಣವೂ ಅಲ್ಲ. ಕೊಕ್ಕೆಯ ಮೇಲೆ ನೂಲು, ಉಣ್ಣೆ, ಪುಕ್ಕ ಸುತ್ತಿ ಮಾಡಿದ ಹುಸಿ ಹುಳು. ಮೆಸಿಡೋನಿಯಾದವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ರೋಮಿನ ಲೇಖಕ ಈಲಿಯನ್ ಸುಮಾರು 1800 ವರ್ಷಗಳ ಹಿಂದೆಯೇ ಬರೆದಿದ್ದಾನೆ. ಅಂದರೆ ಈ ವಿದ್ಯೆ ಹೊಸದಲ್ಲ, ಕಲಿಯಲು ಕುಳಿತ ನಾನು ಮಾತ್ರ ಹೊಸಬ.

ಮೊದಲು ಕಟ್ಟಬೇಕಾದದ್ದು 'ವೂಲಿ ಬಗ್ಗರ್'. ಹೆಸರು ಕೇಳಿ ನಗಬೇಡಿ. ಬಾಲ, ಮೈ, ಸುತ್ತಲೂ ಪುಕ್ಕ, ಇಷ್ಟೇ ಅದರ ಅಂಗಾಂಗ. ನೀರಿನಲ್ಲಿ ಎಳೆದಾಗ ಸಣ್ಣ ಮೀನಿನಂತೆಯೋ ಜಿಗಣೆಯಂತೆಯೋ ಕಾಣುತ್ತದೆ. ಉದ್ದ ಕಾಲಿನ 10ನೇ ನಂಬರಿನ ಕೊಕ್ಕೆ ತೆಗೆದುಕೊಳ್ಳಿ (ಇಲ್ಲಿ ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ಮೋಸಹೋಗಬೇಡಿ). ಅದನ್ನು ಪುಟ್ಟ ವೈಸಿನಲ್ಲಿ ಬಿಗಿದು, ಕಣ್ಣಿನ ಹಿಂದಿನಿಂದ ಬಾಗಿನವರೆಗೆ ನೂಲು ಸುತ್ತಿ. ಅಲ್ಲಿ ಕೊಕ್ಕೆಯ ಕಾಲಿನಷ್ಟೇ ಉದ್ದದ ಮೆತ್ತನೆಯ ಪುಕ್ಕವನ್ನು ಬಾಲವಾಗಿ ಕಟ್ಟಿ. ಅದೇ ಜಾಗದಲ್ಲಿ ಹುಂಜದ ಕತ್ತಿನ ಗರಿಯೊಂದನ್ನು ತುದಿಯ ಕಡೆಯಿಂದ ಕಟ್ಟಿ, ಜೊತೆಗೆ ಜೂಲುಜೂಲಾದ ದಾರವನ್ನೂ ಸೇರಿಸಿ. ನೂಲನ್ನು ಮುಂದಕ್ಕೆ ತಂದು, ಮೊದಲು ದಾರವನ್ನು, ಆಮೇಲೆ ಅದರ ಮೇಲೆ ಗರಿಯನ್ನು ಅಗಲವಾಗಿ ಸುತ್ತುತ್ತ ಬಂದು ಕಟ್ಟಿಬಿಡಿ. ಕೊನೆಯ ಗಂಟಿಗೆ ಒಂದು ತೊಟ್ಟು ಉಗುರಿನ ಬಣ್ಣ.

ಬರೆಯುವುದು ಸುಲಭ. ನನ್ನ ಮೊದಲ ನಾಲ್ಕು ಹುಳುಗಳಿಗೆ ತಲೆಯೇ ಇರಲಿಲ್ಲ, ಎಲ್ಲವೂ ಕೊಕ್ಕೆಯ ಕಣ್ಣಿನ ಮೇಲೆ ಬಂದು ಕುಳಿತಿತ್ತು. ಕಣ್ಣು ಮುಚ್ಚಿದ ಮೇಲೆ ದಾರ ಪೋಣಿಸುವುದೆಲ್ಲಿ? ಐದನೆಯದಕ್ಕೆ ನೂಲು ಜಗ್ಗಿ ತುಂಡಾಯಿತು. ಪಕ್ಕದಲ್ಲಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ನನ್ನಾಕೆ, "ಅಲ್ಲಾ ರೀ, ಹೂವಿನ ತೊಟ್ಟು ಹಿಡಿದ ಹಾಗೆ ಬೆರಳಲ್ಲಿ ಅಮುಕಿ ಹಿಡಿದು ಸುತ್ತಬಾರದೇ? ತುದೀಲಿ ಒಂದಿಷ್ಟು ಜಾಗಾನೂ ಬಿಡಿ" ಎಂದಳು. ಪುಸ್ತಕದಲ್ಲಿ ಎರಡು ಪುಟ ಹೇಳಿದ್ದನ್ನೇ ಅವಳು ಎರಡು ಮಾತಿನಲ್ಲಿ ಹೇಳಿದ್ದಳು. ನಿಮ್ಮ ಮನೆಯಲ್ಲಿ ಹೂ ಕಟ್ಟುವವರಿದ್ದರೆ ಮೊದಲ ಹುಳುವನ್ನು ಅವರಿಗೇ ಒಪ್ಪಿಸಿ.

ಇನ್ನು ಹೇಳಲು ಸ್ವಲ್ಪ ಸಂಕೋಚವಾಗುವ ಸಂಗತಿ. ಸಾಲ್ಮನ್ ಮೀನಿಗಾಗಿ ಕಟ್ಟುತ್ತಿದ್ದ ಹಳೆಯ ಬ್ರಿಟಿಷ್ ಹುಳುಗಳಲ್ಲಿ, 'ಜಾಕ್ ಸ್ಕಾಟ್' ಮುಂತಾದವುಗಳಲ್ಲಿ, ಅಕ್ಕಪಕ್ಕ 'ಜಂಗಲ್ ಕಾಕ್' ಎಂಬ ಗರಿ ಇರಲೇಬೇಕು. ಅರಗು ತೊಟ್ಟಿಕ್ಕಿದಂತೆ ಹಳದಿ ಚುಕ್ಕೆಯಿರುವ ಈ ಗರಿ ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಹುಂಜದ ಕತ್ತಿನದು. ಒಂದು ಕಾಲದಲ್ಲಿ ಈ ಗರಿಗಳು ಹಡಗು ಹತ್ತಿ ವಿಲಾಯತಿಗೆ ಹೋಗುತ್ತಿದ್ದವು. ಇದನ್ನು ಕೇಳಿದ ನಮ್ಮ ಕಟ್ಟಡದ ಮಲೆನಾಡಿನ ಮಿತ್ರರೊಬ್ಬರು, "ರಾಯರೇ, ಊರಿಗೆ ಹೋದಾಗ ಒಂದು ಕತ್ತು ತರಿಸಿಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದರು. ನಿಮ್ಮೆದುರು ಸುಳ್ಳು ಹೇಳಲಾರೆ, ಆ ಸಂಜೆ ನಾನು ಬೇಡ ಎನ್ನಲಿಲ್ಲ. ರಾತ್ರಿಯೆಲ್ಲ ಆ ಚುಕ್ಕೆ ಕಣ್ಣಮುಂದೆ ಇತ್ತು. ಚಿಕ್ಕಂದಿನಲ್ಲಿ ಅಜ್ಜಿಯ ತೋಟದಾಚೆ ಬೆಳಗಿನ ಜಾವ ಅದು ಕೂಗುತ್ತಿದ್ದುದೂ ನೆನಪಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕೊಲ್ಲುವುದು ಅಪರಾಧ. ಬೆಳಿಗ್ಗೆ ಹೋಗಿ ಬೇಡವೆಂದೆ. ಅವರಿಗೆ ಬೇಸರವಾಗಿದೆ, ಸಂಜೆಯ ವಾಕಿಂಗಿಗೆ ಇನ್ನೂ ಬರುತ್ತಿಲ್ಲ. ರಜೆಗೆ ಊರಿಗೆ ಹೊರಟಿರುವ ನಿಮ್ಮಲ್ಲೂ ನನ್ನ ಕೋರಿಕೆ ಇಷ್ಟೇ: ಇಂಥದ್ದನ್ನು ನನಗಾಗಿ ತರಬೇಡಿ.

ವೂಲಿ ಬಗ್ಗರಿಗೆ ನಾಟಿ ಹುಂಜದ ಕತ್ತಿನ ಗರಿ ಧಾರಾಳ ಸಾಕು. ಬ್ರಾಯ್ಲರ್ ಬೇಡ, ಎಳೆಯದರಲ್ಲೇ ಕೊಯ್ಯುವುದರಿಂದ ಅದಕ್ಕೆ ಉದ್ದ ಗರಿ ಬಂದಿರುವುದಿಲ್ಲ. ಕೋಳಿ ಅಂಗಡಿಯವನು ಬಿಸಾಡುವುದನ್ನೇ ಕೇಳಿ ತನ್ನಿ. ಸಾಬೂನು ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಡಾಂಬರು ಗುಳಿಗೆಯೊಂದಿಗೆ ಡಬ್ಬಿಗೆ ಹಾಕಿಡಿ. ಅಡಿಗೆಮನೆಯ ಡಬ್ಬಿ ಮಾತ್ರ ಬೇಡ. ನನಗೆ ಅದರ ಅನುಭವವೂ ಆಗಿದೆ.