ಚೀಲ ಕಾಯೋರಿಗೂ ಒಂದು ಫೋಟೋ ಬೇಕು

ಮಳೆಗಾಲ ಮುಗೀತು ಅಂದ್ರೆ ನಮ್ಮ ಕೊಪ್ಪದ ಕಡೆ ಹಾಸಿಗೆ ಕಂಬಳಿ ಜೊತೆ ಫೋಟೋ ಆಲ್ಬಮ್ಮನ್ನೂ ಬಿಸಿಲಿಗೆ ಹಾಕ್ಬೇಕು. ಇಲ್ದಿದ್ರೆ ಬೂಸ್ಲು ಹಿಡಿದು ಮುಖಾನೇ ಉಳಿಯಲ್ಲ. ಮೊನ್ನೆ ಅಂಗಳದಲ್ಲಿ ಹರಡಿದಾಗ 1996ರ ಮಲ್ಪೆ ಫೋಟೋಗಳು ಸಿಕ್ಕಿದ್ವು. ಮೊದ್ಲು ನಗು ಬಂತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟನ್ನೇ ಇಲ್ಲಿ ಬರೀತಿದೀನಿ.

ಮೇ ತಿಂಗಳು, ಬಾಡಿಗೆ ವ್ಯಾನು. ಶೃಂಗೇರೀಲಿ ಶಾರದಮ್ಮಂಗೆ ಕೈ ಮುಗಿದು, ಬಿದರಗೋಡು ಮೇಲೆ ಆಗುಂಬೆಗೆ ಹೋಗಿ, ಘಾಟಿಯ 14 ತಿರುವು ಇಳಿದು, ಹೆಬ್ರಿ ದಾಟಿ ಉಡುಪಿ ಸೇರಿದ್ವಿ. ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ, ಘಾಟೀಲಿ ಮಕ್ಕಳು ವಾಂತಿ ಮಾಡಿದ್ರೆ ಒರೆಸೋಕೆ ಹಳೇ ಪಂಚೆ ತುಂಡು, ಎಲ್ಲಾ ಬೆಳಗಿನ ಜಾವ ಮೂರಕ್ಕೆ ಎದ್ದು ಕಟ್ಟಿಟ್ಟೋರು ನಮ್ಮತ್ತೆ. ಅವ್ರು ಸಮುದ್ರ ನೋಡಿದ್ದು ಅದೇ ಮೊದ್ಲು, ಅದೇ ಕೊನೆ.

36 ಫೋಟೋದ ಒಂದು ರೀಲು. ತೊಳ್ಸಿದಾಗ 31 ಬಂದಿದ್ವು. ಕೂತು ಎಣಿಸ್ದೆ. ಮಕ್ಕಳು ನೀರಾಡೋದು 12. ಬೋಟಲ್ಲಿ ಹೋಗಿ ನೋಡಿದ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು 7. ಸೂರ್ಯ ಮುಳುಗೋದು 5. ನಮ್ಮನೆಯವರು, ಮೈದುನ ಕಪ್ಪು ಕನ್ನಡಕ ಹಾಕ್ಕಂಡು ನಿಂತಿದ್ದು 4. ನಾನು 3. ಅತ್ತೆ? ಒಂದೂ ಇಲ್ಲ. ಒಂದರ ಮೂಲೇಲಿ ಚಪ್ಪಲಿ ರಾಶಿ, ಟಿಫಿನ್ ಕ್ಯಾರಿಯರ್ರು, ಅದರ ಮೇಲೆ ಬಳೆ ತೊಟ್ಟ ಒಂದು ಕೈ. ಅಷ್ಟೇ.

2009ರಲ್ಲಿ ಅತ್ತೆ ತೀರ್ಕಂಡಾಗ ಗೋಡೆಗೆ ಹಾಕೋಕೆ ಅವರೊಬ್ಬರದ್ದೇ ಅನ್ನೋ ಫೋಟೋ ಸಿಗ್ಲಿಲ್ಲ. ಓಟಿನ ಗುರುತಿನ ಚೀಟೀದು ದೊಡ್ಡದು ಮಾಡ್ಸಿದ್ವಿ. ಅಜ್ಜಿ ಎಂತಕ್ಕೆ ಹೆದರ್ಕಂಡಂಗೆ ಇದಾರೆ ಅಂತ ಮೊಮ್ಮಗಳು ಕೇಳ್ತಾಳೆ. ಎಂತ ಹೇಳೋದು?

"ಆಗ ರೀಲು ದುಬಾರಿ ಇತ್ತು ಮಾರಾಯ್ತಿ" ಅಂತಾರೆ ನಮ್ಮನೆಯವರು. ಒಪ್ಪಿದೆ. ಆದ್ರೆ ಬರೀ ಕಪ್ಪಗೆ ಬಂದಿರೋ ಸೂರ್ಯಂಗೆ ಐದು ಹೆಂಗೆ ಸಿಕ್ತು? ಆ ದ್ವೀಪದ ಕಲ್ಲು ಎಂಟು ಕೋಟಿ ವರ್ಷಕ್ಕೂ ಹಳೇದಂತೆ. ಅದು ಎಲ್ಲಿಗೂ ಹೋಗ್ತಿರ್ಲಿಲ್ಲ. ಹೋಗೋರು ಅತ್ತೆ ಆಗಿದ್ರು.

"ಅಮ್ಮಂಗೆ ಫೋಟೋ ಅಂದ್ರೆ ಆಗ್ತಿರ್ಲಿಲ್ಲ" ಅನ್ನೋದು ಇನ್ನೊಂದು ಮಾತು. ಕೇಳಿದ್ಯಾರು? "ನೀವು ಹೋಗ್ಬನ್ನಿ, ನಾ ಚೀಲ ನೋಡ್ಕಳ್ತೀನಿ" ಅಂದ್ರು ಅತ್ತೆ. ಸದ್ಯ ಅನ್ಕಂಡು ಎಲ್ಲರಿಗಿಂತ ಮೊದ್ಲು ಓಡಿದ್ದು ನಾನು. ಹಂಗಾಗಿ ಗಂಡಸ್ರನ್ನ ಮಾತ್ರ ಬೈಯ್ಯೋ ಹಕ್ಕು ನಂಗಿಲ್ಲ. ಆ ಮೂರು ಫೋಟೋದಲ್ಲಿ ಸೀರೆ ಎತ್ತಿಕಟ್ಟಿ ನಗ್ತಾ ಇರೋಳ ಚಪ್ಪಲಿ ಅತ್ತೆ ಹತ್ರ ಇತ್ತು. ಹೊರಡೋ ಹೊತ್ತಿಗೆ ಅವ್ರು ಒಬ್ರೇ ಹೋಗಿ ಕಾಲು ತೋಯ್ಸ್ಕಂಡು ಬಂದ್ರು. ಅಷ್ಟೊತ್ತಿಗೆ ರೀಲು ಮುಗಿದಿತ್ತು.

ಈಗ ರೀಲಿಲ್ಲ, ಖರ್ಚಿಲ್ಲ. ಹೋದ ಡಿಸೆಂಬರಲ್ಲಿ ಮಗ ಸೊಸೆ ಮರವಂತೆಗೆ ಕರ್ಕಂಡು ಹೋಗಿದ್ರು. ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಮಗನ ಮೊಬೈಲಲ್ಲಿ ಮುನ್ನೂರು ಚಿಲ್ಲರೆ ಫೋಟೋ. ಅದ್ರಲ್ಲಿ ನಾನು ಎರಡರಲ್ಲಿ, ಎರಡರಲ್ಲೂ ದೂರದಲ್ಲಿ, ಚೀಲದ ಪಕ್ಕ. "ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ" ಅಂತ ನನ್ನ ಬಾಯಲ್ಲೇ ಬಂದಿತ್ತು ನೋಡಿ! ಆಗ ಅತ್ತೆ ಮಾತಿನ ಅರ್ಥ ಆಯ್ತು. ಅದು ಬೇಡ ಅನ್ನೋ ಮಾತಲ್ಲ. ಯಾರಾದ್ರೂ ಕೈ ಹಿಡಿದು ಎಬ್ಬಿಸ್ತಾರಾ ಅಂತ ಕಾಯೋ ಮಾತು.

ತ್ಯಾಗಮಯಿ ಅಂತ ಹೊಗಳೋದು ಸಾಕು. ಹೊಗಳಿಕೆಯಿಂದ ಯಾರ ಕಾಲೂ ಒದ್ದೆ ಆಗಲ್ಲ. ಚೀಲ ಕಾರಲ್ಲಿಟ್ಟು ಬೀಗ ಹಾಕಿ. ಚಪ್ಪಲಿ ಹೋದ್ರೆ ಹೋಗ್ಲಿ, ಇನ್ನೊಂದು ಜೊತೆ ತಗಂಡ್ರಾಯ್ತು. ಮನೇಲಿ ಬುತ್ತಿ ಕಟ್ಟಿದೋರು ಯಾರೋ, ಮೊದಲ್ನೇ ಫೋಟೋ ಅವರದ್ದಾಗ್ಲಿ. ಸಮುದ್ರದ್ದು ಆಮೇಲೆ ತೆಗೀರಿ. ನಾನಂತೂ ಈ ಸಲ ಚೀಲ ಕಾಯೋಳಲ್ಲ, ಈಗ್ಲೇ ಹೇಳಿಟ್ಟಿದೀನಿ.